ಅಮೆರಿಕದಿಂದ ಮಕ್ಕಳು ಕಳಿಸುವ ಹಣಕ್ಕೆ ಶೇ 1 ತೆರಿಗೆ: ಯಾರಿಗೆ ಅನ್ವಯ? ಡೊಂಬಿವಲಿ, ಥಾಣೆಯ ಪೋಷಕರು ತಿಳಿಯಬೇಕಾದ ಮಾಹಿತಿ

ಡೊಂಬಿವಲಿ, ಕಲ್ಯಾಣ, ಥಾಣೆ ಮತ್ತು ನವಿ ಮುಂಬೈಯಲ್ಲಿ ಅಮೆರಿಕದಲ್ಲಿರುವ ಮಗನೋ ಮಗಳೋ ಕಳಿಸುವ ಹಣದಿಂದಲೇ ಗೃಹಸಾಲದ ಕಂತು, ಔಷಧಿ ಖರ್ಚು ನಿಭಾಯಿಸುವ ಹಿರಿಯರಿದ್ದಾರೆ. ಕರಾವಳಿ ಮತ್ತು ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ಹೀಗೆ ಬರುವ ಹಣಕ್ಕೆ ಅಮೆರಿಕ ತೆರಿಗೆ ಹಾಕಿದೆ ಎಂಬ ಸುದ್ದಿ ಸಹಜವಾಗಿಯೇ ಆತಂಕ ಹುಟ್ಟಿಸಿದೆ. ಆದರೆ ಬ್ಯಾಂಕ್ ಖಾತೆಯ ಮೂಲಕ ಹಣ ಕಳಿಸುವವರಿಗೆ ಈ ತೆರಿಗೆ ಅನ್ವಯಿಸುವುದಿಲ್ಲ. ಪೂರ್ಣ ವಿವರ ಇಲ್ಲಿದೆ.

ಏನಿದು ತೆರಿಗೆ?

ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ 'ಒನ್ ಬಿಗ್ ಬ್ಯೂಟಿಫುಲ್ ಬಿಲ್' ಕಾಯ್ದೆಯಲ್ಲಿ ಈ ತೆರಿಗೆ ಸೇರಿದೆ. 2026ರ ಜನವರಿ 1ರಿಂದ ಇದು ಜಾರಿಗೆ ಬಂದಿದೆ. ಅಮೆರಿಕದಿಂದ ಬೇರೆ ದೇಶಕ್ಕೆ ಕಳಿಸುವ ಹಣವನ್ನು ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಅಥವಾ ಅಂಥದ್ದೇ ರೂಪದಲ್ಲಿ ಕೌಂಟರ್‌ನಲ್ಲಿ ಕೊಟ್ಟರೆ ಶೇ 1ರಷ್ಟು ತೆರಿಗೆ ಬೀಳುತ್ತದೆ. ಇದನ್ನು ಕಟ್ಟಬೇಕಾದವರು ಹಣ ಕಳಿಸುವವರು. ಹಣ ರವಾನಿಸುವ ಸಂಸ್ಥೆ ಅದನ್ನು ವಸೂಲಿ ಮಾಡಿ ಸರ್ಕಾರಕ್ಕೆ ಜಮಾ ಮಾಡುತ್ತದೆ. ಇಲ್ಲಿ ಹಣ ಪಡೆಯುವ ತಂದೆ–ತಾಯಿ ಈ ಬಾಬ್ತಿನಲ್ಲಿ ಏನನ್ನೂ ಕಟ್ಟಬೇಕಿಲ್ಲ.

ಯಾರಿಗೆ ಅನ್ವಯಿಸುವುದಿಲ್ಲ?

ಅಮೆರಿಕದ ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸುವ ಹಣಕ್ಕೆ ಹಾಗೂ ಅಮೆರಿಕದಲ್ಲೇ ವಿತರಿಸಿದ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಬಳಸಿ ಕಳಿಸುವ ಹಣಕ್ಕೆ ವಿನಾಯಿತಿ ಇದೆ. ಸಂಬಳ ಖಾತೆಗೆ ಜಮಾ ಆಗಿ, ಅಲ್ಲಿಂದಲೇ ಮೊಬೈಲ್ ಆ್ಯಪ್ ಮೂಲಕ ಊರಿಗೆ ಹಣ ಕಳಿಸುವ ಸಾಫ್ಟ್‌ವೇರ್ ಉದ್ಯೋಗಿ ಈ ತೆರಿಗೆ ಕಟ್ಟಬೇಕಿಲ್ಲ. ಬ್ಯಾಂಕ್ ಖಾತೆ ಇಲ್ಲದೆ, ದುಡಿದ ನಗದನ್ನೇ ಕೌಂಟರ್‌ಗೆ ಒಯ್ದು ಕಟ್ಟುವವರ ಮೇಲೆ ಹೊರೆ ಬೀಳುತ್ತದೆ. ಹಣ ಕಳಿಸುವವರು ಅಮೆರಿಕದ ಪ್ರಜೆಯೇ, ಗ್ರೀನ್ ಕಾರ್ಡ್ ಅಥವಾ ಎಚ್‌–1ಬಿ ವೀಸಾ ಹೊಂದಿದವರೇ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಶೇ 5ರಿಂದ ಶೇ 1ಕ್ಕೆ ಇಳಿದದ್ದು ಹೇಗೆ?

2025ರ ಮೇ ತಿಂಗಳಲ್ಲಿ ಮಸೂದೆ ಮಂಡನೆಯಾದಾಗ ತೆರಿಗೆ ಪ್ರಮಾಣ ಶೇ 5 ಇತ್ತು. ಮೇ 22ರಂದು ಜನಪ್ರತಿನಿಧಿ ಸಭೆ ಅಂಗೀಕರಿಸಿದಾಗ ಅದು ಶೇ 3.5ಕ್ಕೆ ಇಳಿದಿತ್ತು. ಆಗ ಅಮೆರಿಕದ ಪ್ರಜೆಗಳಿಗೆ ಮಾತ್ರ ವಿನಾಯಿತಿ ಇತ್ತು. ಎಚ್‌–1ಬಿ ಮತ್ತು ಗ್ರೀನ್ ಕಾರ್ಡ್ ಹೊಂದಿದವರು ಬ್ಯಾಂಕ್ ಮೂಲಕ ಕಳಿಸಿದರೂ ತೆರಿಗೆ ತಪ್ಪುತ್ತಿರಲಿಲ್ಲ. ವಲಸಿಗರ ಹಣವನ್ನು ಹೆಚ್ಚಾಗಿ ಅವಲಂಬಿಸಿರುವ ಮೆಕ್ಸಿಕೊ ಇದನ್ನು ಬಲವಾಗಿ ವಿರೋಧಿಸಿತು. ಸೆನೆಟ್ ಹಂತದಲ್ಲಿ ತೆರಿಗೆ ಶೇ 1ಕ್ಕೆ ಇಳಿಯಿತು, ಖಾತೆ ಮತ್ತು ಕಾರ್ಡ್‌ಗೆ ವಿನಾಯಿತಿ ಸಿಕ್ಕಿತು.

ತಿಂಗಳಿಗೆ 1,000 ಡಾಲರ್ ಕಳಿಸುವವರ ಲೆಕ್ಕ ನೋಡಿ. ಶೇ 5 ಆಗಿದ್ದರೆ ವರ್ಷಕ್ಕೆ 600 ಡಾಲರ್, ಶೇ 3.5 ಆಗಿದ್ದರೆ 420 ಡಾಲರ್ ತೆರಿಗೆಗೆ ಹೋಗುತ್ತಿತ್ತು. ಈಗ ನಗದು ಕೊಟ್ಟು ಕಳಿಸಿದರೆ 120 ಡಾಲರ್. ಖಾತೆಯಿಂದ ಕಳಿಸಿದರೆ ಸೊನ್ನೆ.

ಮಹಾರಾಷ್ಟ್ರಕ್ಕೆ ಇದು ಏಕೆ ಮುಖ್ಯ?

ರಿಸರ್ವ್ ಬ್ಯಾಂಕ್‌ನ 2023–24ರ ಸಮೀಕ್ಷೆ ಪ್ರಕಾರ, ವಿದೇಶಗಳಿಂದ ಭಾರತಕ್ಕೆ ಬರುವ ಇಂಥ ಹಣದಲ್ಲಿ ಶೇ 27.7 ಅಮೆರಿಕದ್ದು. 2016–17ರಲ್ಲಿ ಮೊದಲ ಸ್ಥಾನದಲ್ಲಿದ್ದ ಯುಎಇ ಈಗ ಶೇ 19.2ರೊಂದಿಗೆ ಎರಡನೇ ಸ್ಥಾನಕ್ಕೆ ಸರಿದಿದೆ. ಹಣ ಪಡೆಯುವ ರಾಜ್ಯಗಳಲ್ಲಿ ಶೇ 20.5 ಪಾಲಿನೊಂದಿಗೆ ಮಹಾರಾಷ್ಟ್ರ ಮೊದಲ ಸ್ಥಾನದಲ್ಲಿದೆ. ಕೇರಳದ ಪಾಲು ಶೇ 19.7, ಕರ್ನಾಟಕದ್ದು ಶೇ 7.7.

ಇಲ್ಲಿ ತೆರಿಗೆ ಇದೆಯೇ?

ಮಕ್ಕಳು ತಂದೆ–ತಾಯಿಗೆ ಕಳಿಸುವ ಹಣ ಭಾರತದ ಕಾನೂನಿನಲ್ಲಿ ಹತ್ತಿರದ ಸಂಬಂಧಿಯ ಉಡುಗೊರೆ. ಮೊತ್ತ ಎಷ್ಟೇ ಇದ್ದರೂ ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಆ ಹಣವನ್ನು ಪೋಷಕರು ತಮ್ಮ ಹೆಸರಿನಲ್ಲಿ ಠೇವಣಿ ಇಟ್ಟರೆ, ಅದರ ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ. ಮಕ್ಕಳ ಎನ್‌ಆರ್‌ಇ ಖಾತೆಯಲ್ಲಿಟ್ಟ ಹಣದ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಗೆ ತೆರಿಗೆ ಇದೆ, ಅದನ್ನು ಬ್ಯಾಂಕ್ ಮೊದಲೇ ಕಡಿತ ಮಾಡುತ್ತದೆ.

ಅಮೆರಿಕದಲ್ಲಿ ನೆಲೆಸಿದವರು ಒಬ್ಬರಿಗೆ ಒಂದು ವರ್ಷದಲ್ಲಿ 19,000 ಡಾಲರ್‌ಗಿಂತ ಹೆಚ್ಚು ಉಡುಗೊರೆ ಕೊಟ್ಟರೆ ಅಲ್ಲಿನ ತೆರಿಗೆ ಇಲಾಖೆಗೆ ವಿವರ ಸಲ್ಲಿಸಬೇಕು. 2025 ಮತ್ತು 2026ಕ್ಕೆ ಇದೇ ಮಿತಿ. ತಂದೆ ಮತ್ತು ತಾಯಿಗೆ ಈ ಮಿತಿ ಪ್ರತ್ಯೇಕ.

ನಿಜವಾದ ಚಿಂತೆ ಎಲ್ಲಿದೆ?

ಹಣ ಬರುವುದು ನೌಕರಿಯಿಂದ, ನೌಕರಿ ನಿಂತಿರುವುದು ವೀಸಾ ಮೇಲೆ. ಹೀಗಾಗಿ ಈ ಭಾಗದ ಕುಟುಂಬಗಳಿಗೆ ಶೇ 1 ತೆರಿಗೆಗಿಂತ ದೊಡ್ಡ ಹೊಡೆತ 2025ರ ಸೆಪ್ಟೆಂಬರ್ 19ರ ಘೋಷಣೆ. ಅಮೆರಿಕದ ಹೊರಗಿರುವವರಿಗಾಗಿ ಕಂಪನಿ ಸಲ್ಲಿಸುವ ಹೊಸ ಎಚ್‌–1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂದು ಅದು ಹೇಳಿತು. ಆಗಲೇ ವೀಸಾ ಹೊಂದಿದ್ದವರಿಗೆ, ನವೀಕರಣಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಅಮೆರಿಕ ಸ್ಪಷ್ಟಪಡಿಸಿತು. ಅಂದರೆ ಈಗಾಗಲೇ ಅಲ್ಲಿ ದುಡಿಯುತ್ತಿರುವವರು ಊರಿಗೆ ಹಣ ಕಳಿಸಲು ತೊಂದರೆಯಿಲ್ಲ. ಐರೋಲಿ, ಮಹಾಪೆಯ ಐಟಿ ಪಾರ್ಕ್‌ಗಳಲ್ಲಿ ಕುಳಿತು ಅಮೆರಿಕದ ಅವಕಾಶಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರ ದಾರಿ ಮಾತ್ರ ದುಬಾರಿಯಾಗಿದೆ.

ಪೋಷಕರು ಏನು ಮಾಡಬೇಕು?

ಹಣವನ್ನು ಖಾತೆಯಿಂದ ಖಾತೆಗೇ ಕಳಿಸುವಂತೆ ಮಕ್ಕಳಿಗೆ ಹೇಳಿ. ರವಾನೆಯ ರಸೀದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ. ಹಣದ ಮೂಲ ಕೇಳಿದಾಗ ಇವೇ ದಾಖಲೆ. 'ಅಮೆರಿಕದ ತೆರಿಗೆ ಕಟ್ಟಿದರೆ ಮಾತ್ರ ನಿಮ್ಮ ಹಣ ಬಿಡುಗಡೆ' ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ಈ ತೆರಿಗೆಯನ್ನು ಭಾರತದಲ್ಲಿ ಹಣ ಪಡೆಯುವವರಿಂದ ವಸೂಲಿ ಮಾಡುವ ಕ್ರಮವೇ ಇಲ್ಲ.