ಮೋಶೆಯ ಧರ್ಮಶಾಸ್ತ್ರ ಮತ್ತು ಒಂದೇ ಪಂಕ್ತಿಯ ಊಟ

ಕ್ರೈಸ್ತರ ಬೈಬಲ್ಲಿನಲ್ಲಿ ಎರಡು ಭಾಗ ಉಂಟು. ಮೊದಲಿನದು ಹಳೆಯ ಒಡಂಬಡಿಕೆ, ಯೆಹೂದ್ಯರಿಂದ ಬಂದದ್ದು. ಅದರಲ್ಲಿ ಮೋಶೆಯ ಹೆಸರಿನಲ್ಲಿರುವ ವಿಧಿನಿಷೇಧಗಳು ಒಟ್ಟು 613 ಎಂದು ಯೆಹೂದಿ ಪಂಡಿತರ ಲೆಕ್ಕ. ಹಂದಿ ತಿನ್ನಬಾರದು, ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸಬೇಕು, ಶನಿವಾರ ಕೆಲಸ ಮಾಡಬಾರದು, ಕೊಲ್ಲಬಾರದು, ಕದಿಯಬಾರದು, ಎಲ್ಲವೂ ಅದರಲ್ಲೇ. ಆದರೆ ಹೆಚ್ಚಿನ ಕ್ರೈಸ್ತರು ಕೊಲ್ಲಬಾರದು ಎಂಬುದನ್ನು ಆಜ್ಞೆ ಎಂದು ಒಪ್ಪುತ್ತಾರೆ, ಹಂದಿಯನ್ನು ಧಾರಾಳವಾಗಿ ತಿನ್ನುತ್ತಾರೆ. ಶಾಸ್ತ್ರ ಒಂದೇ, ಹೇಳಿದವನೂ ದೇವರೇ ಎಂದ ಮೇಲೆ ಅರ್ಧ ಇಟ್ಟುಕೊಂಡು ಅರ್ಧ ಬಿಡುವುದು ಹೇಗೆ? ಹೊರಗಿನವರು ಕೆಣಕಿ ಕೇಳುವ ಪ್ರಶ್ನೆ ಇದು ಎಂದು ತಿಳಿಯಬೇಡಿ. ಕ್ರೈಸ್ತರೇ ತಮ್ಮೊಳಗೆ ಎರಡು ಸಾವಿರ ವರ್ಷದಿಂದ ಕೇಳಿಕೊಂಡು ಬಂದದ್ದು.

ಜಗಳ ಹೊತ್ತಿಕೊಂಡದ್ದು ಊಟದ ಪಂಕ್ತಿಯಲ್ಲಿ. ಊರು ಅಂತಿಯೋಕ್ಯ, ಇಂದಿನ ತುರ್ಕಿಯಲ್ಲಿರುವ ಅಂತಾಕ್ಯ. ಯೇಸು ತೀರಿಕೊಂಡು ಇಪ್ಪತ್ತು ವರ್ಷ ಕಳೆದಿರಬಹುದು ಅಷ್ಟೆ. ಅಲ್ಲಿ ಯೇಸುವನ್ನು ನಂಬಿದ ಯೆಹೂದ್ಯರೂ ಗ್ರೀಕ್ ಮಾತಾಡುವ ಅನ್ಯಜನರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಹಿರಿಯ ಶಿಷ್ಯ ಪೇತ್ರನೂ ಅವರ ಜೊತೆ ಉಂಡ. ಆಮೇಲೆ ಜೆರುಸಲೇಮಿನಿಂದ ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲಗೆ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯೆಹೂದ್ಯರೂ ಸರಿದರು, ಪೌಲನ ಜೊತೆಗಾರ ಬಾರ್ನಬನೂ ಸರಿದ. ಪೌಲ ಎಲ್ಲರ ಎದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಅವನೇ ಹೇಳಿಕೊಂಡಿದ್ದಾನೆ, ಸಿಟ್ಟು ಇನ್ನೂ ಆರಿಲ್ಲವೋ ಎಂಬ ಹಾಗೆ. ಪಂಕ್ತಿಭೇದ ಹೇಳಿದರೆ ಏನೆಂದು ನಮ್ಮ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಪೌಲನ ಪಕ್ಷ ಹಿಡಿದು, ಯಾಕೋಬನ ಕಡೆಯವರನ್ನು ಮಡಿವಂತರು ಎಂದು ತಳ್ಳಿಬಿಡುತ್ತಾರೆ. ಅದು ನ್ಯಾಯ ಅಲ್ಲ. ಸುಮಾರು ಕ್ರಿ.ಪೂ. 167ರಲ್ಲಿ ನಾಲ್ಕನೆಯ ಆಂಟಿಯೋಕಸ್ ಎಂಬ ಗ್ರೀಕ್ ದೊರೆ ಸುನ್ನತಿಯನ್ನು ನಿಷೇಧಿಸಿದ್ದ, ಯೆಹೂದ್ಯರ ಬಾಯಿಗೆ ಹಂದಿಮಾಂಸ ತುರುಕಿಸಲು ಹೊರಟಿದ್ದ. ಮಗನಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಲ್ಲಿಸಿದ ವಿಷಯ ಮಕ್ಕಬಿಯರ ಪುಸ್ತಕದಲ್ಲಿದೆ. ಆ ದೊರೆಯ ರಾಜಧಾನಿ ಇದೇ ಅಂತಿಯೋಕ್ಯ! ಅಜ್ಜಂದಿರು ಯಾವುದಕ್ಕಾಗಿ ಪ್ರಾಣ ಕೊಟ್ಟರೋ ಅದನ್ನು ಅದೇ ಊರಿನಲ್ಲಿ, ಒಂದು ಊಟಕ್ಕಾಗಿ ಬಿಟ್ಟುಬಿಡಿ ಎಂದರೆ ಯಾರಿಗಾದರೂ ಕಷ್ಟವೇ. ಮೇಲಾಗಿ ಧರ್ಮಶಾಸ್ತ್ರವನ್ನು ತೆಗೆದುಹಾಕಲು ತಾನು ಬಂದದ್ದಲ್ಲ ಎಂದು ಯೇಸುವೇ ಹೇಳಿದ್ದನ್ನು ಮತ್ತಾಯ ಬರೆದಿಟ್ಟಿದ್ದಾನೆ.

ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ಹಿರಿಯರ ಸಭೆ ಕೂಡಿತು. ಅಂತಿಯೋಕ್ಯದ ಜಗಳ ಅದಕ್ಕೆ ಮೊದಲೋ ಆಮೇಲೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಪ್ರಕಾರ ಕೊನೆಯಲ್ಲಿ ರಾಜಿಸೂತ್ರ ತೆಗೆದವನು ಯಾಕೋಬನೇ. ಅನ್ಯಜನರಿಗೆ ಸುನ್ನತಿ ಬೇಡ. ನಾಲ್ಕನ್ನು ಬಿಟ್ಟರೆ ಸಾಕು: ವಿಗ್ರಹಕ್ಕೆ ನೈವೇದ್ಯ ಮಾಡಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ. ನಾಲ್ಕರಲ್ಲಿ ಮೂರು ಊಟಕ್ಕೆ ಸಂಬಂಧಪಟ್ಟದ್ದು ಎಂಬುದನ್ನು ಗಮನಿಸಿ. ಇಬ್ಬರೂ ಒಂದು ಪಂಕ್ತಿಯಲ್ಲಿ ಕೂರಬೇಕಾದರೆ ಕಡಿಮೆ ಪಕ್ಷ ಇಷ್ಟು ಬೇಕು ಎಂದು ಮಾಡಿದ ಏರ್ಪಾಡು ಅದು ಎಂದೇ ನನಗೆ ತೋರುತ್ತದೆ.

ತಮಾಷೆ ಏನೆಂದರೆ ಆ ನಾಲ್ಕು ಕೂಡ ಎಲ್ಲ ಕಡೆ ಉಳಿಯಲಿಲ್ಲ. ಪೂರ್ವದ ಸಭೆ 692ರಲ್ಲೂ ರಕ್ತ ತಿನ್ನುವವರಿಗೆ ಶಿಕ್ಷೆ ವಿಧಿಸಿತು. ರೋಮಿನ ಕಡೆಯವರು 1442ರಲ್ಲಿ, ಆ ನಿಯಮ ಯೆಹೂದ್ಯರೂ ಅನ್ಯಜನರೂ ಒಂದಾಗಬೇಕಾಗಿದ್ದ ಆ ಕಾಲಕ್ಕೆ ಮಾತ್ರ, ಈಗ ಕಾರಣವೇ ಇಲ್ಲ, ಆದ್ದರಿಂದ ನಿಯಮವೂ ಇಲ್ಲ ಎಂದು ತೀರ್ಮಾನ ಕೊಟ್ಟರು. ನಡುವೆ 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಮಹಾಪಂಡಿತ ಮೋಶೆಯ ಶಾಸ್ತ್ರವನ್ನು ಮೂರು ಪಾಲು ಮಾಡಿ ವಿವರಿಸಿದ: ನೀತಿ, ಪೂಜಾವಿಧಿ, ರಾಜ್ಯದ ನ್ಯಾಯ. ನೀತಿ ಎಂದೆಂದಿಗೂ ಉಂಟು, ಉಳಿದೆರಡರ ಕಾಲ ಮುಗಿಯಿತು. ಇಂದಿಗೂ ಹೆಚ್ಚಿನ ಪಾದ್ರಿಗಳು ಕೊಡುವ ಉತ್ತರ ಇದೇ. ಅಚ್ಚುಕಟ್ಟಾದ ಉತ್ತರ ಹೌದು. ಆದರೆ ಮೂಲದಲ್ಲಿ ಹಾಗೆ ಚೀಟಿ ಅಂಟಿಸಿಟ್ಟಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯ ತೆಗೆದು ನೋಡಿ. 18ನೆಯ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ. ಅದರ ಬೆನ್ನಿಗೇ 19ನೆಯದು ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬೇಡ ಎನ್ನುತ್ತದೆ. ಪಾಲು ಮಾಡಿದವರು ಓದುಗರು.

ಕಾಲ ಮುಗಿಯಿತು ಎಂದದ್ದು ಬೇಕಾದಾಗ ಎದ್ದು ಬರುವುದೂ ಉಂಟು. ಇಂಗ್ಲೆಂಡಿನ ಎಂಟನೆಯ ಹೆನ್ರಿ 1509ರಲ್ಲಿ ತೀರಿಹೋದ ಅಣ್ಣನ ಹೆಂಡತಿ ಕ್ಯಾಥರೀನಳನ್ನು ಮದುವೆಯಾದ. ಗಂಡುಸಂತಾನ ಉಳಿಯಲಿಲ್ಲ, ಮನಸ್ಸೂ ಬೇರೆ ಕಡೆ ಹೋಯಿತು. ಆಗ ಅವನಿಗೆ ಯಾಜಕಕಾಂಡ ನೆನಪಾಯಿತು: ಸಹೋದರನ ಹೆಂಡತಿಯನ್ನು ಕಟ್ಟಿಕೊಂಡವನಿಗೆ ಸಂತಾನ ಇಲ್ಲ. ಎದುರು ಪಕ್ಷದವರು ಧರ್ಮೋಪದೇಶಕಾಂಡ ಹಿಡಿದರು: ಮಕ್ಕಳಿಲ್ಲದೆ ಸತ್ತವನ ವಿಧವೆಯನ್ನು ಸಹೋದರನೇ ಕೈಹಿಡಿಯಬೇಕು. ಯುರೋಪಿನ ವಿಶ್ವವಿದ್ಯಾಲಯಗಳಿಂದ ಅಭಿಪ್ರಾಯ ತರಿಸಿದರು, ಇಟಲಿಯ ಯೆಹೂದಿ ರಬ್ಬಿಗಳನ್ನೂ ಬಿಡದೆ ಕೇಳಿದರು. 1533ರಲ್ಲಿ ಮದುವೆ ರದ್ದು, ಮರುವರ್ಷ ಇಂಗ್ಲೆಂಡ್ ರೋಮಿನಿಂದಲೇ ಬೇರೆ.

ಇಥಿಯೋಪಿಯದ ಕಥೆ ಬೇರೆ. ಅಲ್ಲಿಯ ಕ್ರೈಸ್ತರು ಹಂದಿ ತಿನ್ನುವುದಿಲ್ಲ, ಸುನ್ನತಿ ಮಾಡಿಸುತ್ತಾರೆ. ಶನಿವಾರವೂ ಭಾನುವಾರವೂ ಪವಿತ್ರ ಎಂದು 1450ರಲ್ಲಿ ಜರಾ ಯಾಕೋಬ್ ಎಂಬ ದೊರೆಯ ಕಾಲದ ಸಭೆ ಸ್ಥಿರಪಡಿಸಿತು. ಪೋರ್ಚುಗಲ್ಲಿನ ಕಡೆಯಿಂದ ಬಂದ ಜೆಸ್ವಿಟ್ ಪಾದ್ರಿಗಳು ಇದನ್ನು ನೋಡಿ ನೀವು ಯೆಹೂದ್ಯರೋ ಕ್ರೈಸ್ತರೋ ಎಂದು ಆಕ್ಷೇಪ ಎತ್ತಿದರು. 1555ರಲ್ಲಿ ಗೆಲಾವ್ದೆವೋಸ್ ದೊರೆ ಅದಕ್ಕೆ ಬರೆದ ಉತ್ತರ ನಾವು ಓದಬೇಕಾದದ್ದು. ಸುನ್ನತಿ ನಮಗೆ ಧರ್ಮಶಾಸ್ತ್ರ ಅಲ್ಲ, ದೇಶದ ರೂಢಿ, ಕೆಲವು ಕಡೆ ಮುಖಕ್ಕೆ ಗೆರೆ ಕೊಯ್ಯಿಸಿಕೊಳ್ಳುವ ಹಾಗೆ, ಹಿಂದೂದೇಶದವರು ಕಿವಿ ಚುಚ್ಚಿಸಿಕೊಳ್ಳುವ ಹಾಗೆ ಎಂದ. ನಮ್ಮ ಮಕ್ಕಳ ಕಿವಿ ಚುಚ್ಚುವ ಶಾಸ್ತ್ರ ಹೀಗೆ ಆಫ್ರಿಕದ ದೊರೆಯೊಬ್ಬನಿಗೆ ಸಾಕ್ಷಿಯಾಯಿತು.

ಆ ತಕರಾರು ನಮ್ಮ ಕೇರಳಕ್ಕೂ ಬಂತು. 1599ರ ಜೂನಿನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಎರ್ನಾಕುಳಂ ಹತ್ತಿರದ ಉದಯಂಪೇರೂರಿನಲ್ಲಿ ನಸ್ರಾಣಿಗಳ ಸಭೆ ಕರೆದ. ಅವರ ಪುಸ್ತಕಗಳನ್ನೂ ಆಚಾರಗಳನ್ನೂ ರೋಮಿನ ಅಚ್ಚಿಗೆ ಹಾಕುವುದು ಉದ್ದೇಶ. ಅಲ್ಲಿ ತಪ್ಪೆಂದು ಎಣಿಸಿದವುಗಳಲ್ಲಿ ಒಂದು, ಹೆತ್ತ ಹೆಂಗಸು ಗಂಡುಮಗುವಾದರೆ 40 ದಿನ, ಹೆಣ್ಣಾದರೆ 80 ದಿನ ಇಗರ್ಜಿಗೆ ಹೋಗದಿರುವ ರೂಢಿ. ಇದು ಯಾಜಕಕಾಂಡದ 12ನೆಯ ಅಧ್ಯಾಯದ ಲೆಕ್ಕವೇ: ಗಂಡಿಗೆ 7 ಮತ್ತು 33, ಹೆಣ್ಣಿಗೆ 14 ಮತ್ತು 66. ಯೆಹೂದ್ಯರ ಆಚಾರ, ಅದರ ಕಾಲ ಮುಗಿದಿದೆ ಎಂದು ಸಭೆ ಅದನ್ನು ನಿಷೇಧಿಸಿತು. ಅಮೆ-ಸೂತಕ ನೋಡುವ ನೆರೆಕರೆಯ ನಡುವೆ ಬದುಕಿದ ಆ ಹೆಂಗಸರಿಗೆ ಇದು ಮೋಶೆಯದೋ ಮಲಯಾಳದ್ದೋ ಎಂದು ಬೇರ್ಪಡಿಸುವ ಅಗತ್ಯ ಬಂದಿರಲಿಕ್ಕಿಲ್ಲ. ಅವರನ್ನು ಆ ಸಭೆಯಲ್ಲಿ ಯಾರು ಕೇಳುತ್ತಾರೆ? ಇಥಿಯೋಪಿಯದಲ್ಲಿ ಇಂದಿಗೂ ಗಂಡುಮಗುವಿಗೆ 40ನೆಯ ದಿನ, ಹೆಣ್ಣುಮಗುವಿಗೆ 80ನೆಯ ದಿನ ದೀಕ್ಷಾಸ್ನಾನ ಮಾಡಿಸುತ್ತಾರೆ.