ರೈಫಲ್ ತೋಟಾ ಮರುಭರ್ತಿ: ಅಳತೆ ಸಾಧನಗಳ ಆಯ್ಕೆ ಹೇಗೆ?

ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ಸೇರಿಸಿ ಮತ್ತೆ ಬಳಸುವುದನ್ನು ರೀಲೋಡಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಬೇಟೆಗಾರರು, ಗುರಿ ಸ್ಪರ್ಧೆಯವರು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸವಿದು. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆದರೂ ಇದರ ಅಳತೆ ಸಾಧನಗಳ ವಿಚಾರ ಹೊಸೂರಿನ ಲೇತ್ ಕೆಲಸದವರಿಗೂ ಅಕ್ಕಸಾಲಿಗರಿಗೂ ಹಿಡಿಸೀತು.

ಮೊದಲು ಹಣ ಹಾಕಬೇಕಾದದ್ದು ತಕ್ಕಡಿಗೆ. ಮದ್ದು ಸ್ವಲ್ಪ ಹೆಚ್ಚಾದರೂ ಒಳಗಿನ ಒತ್ತಡ ಅದಕ್ಕಿಂತ ವೇಗವಾಗಿ ಏರುತ್ತದೆ. ಮಿತಿ ಮೀರಿದರೆ ಬಂದೂಕು ಮುಖದ ಹತ್ತಿರವೇ ಸಿಡಿಯಬಹುದು. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ. ನಮ್ಮ ಗುಲಗಂಜಿಯಂತೆ ಇದೂ ಕಾಳಿನಿಂದ ಹುಟ್ಟಿದ ತೂಕವೇ. ಗುಲಗಂಜಿ ಇದರ ಹತ್ತಿರಹತ್ತಿರ ಎರಡರಷ್ಟು ತೂಗುತ್ತದೆ.

ಇಲ್ಲಿ ಕಡಿಮೆ ಬೆಲೆಯ ಎಲೆಕ್ಟ್ರಾನಿಕ್ ತಕ್ಕಡಿ ಮೋಸ ಮಾಡುತ್ತದೆ. 0.01 ಗ್ರಾಂವರೆಗೆ ತೋರಿಸುವ ಚಿನ್ನದಂಗಡಿ ತಕ್ಕಡಿ ನುಣುಪೆಂದು ಕಾಣುತ್ತದೆ, ಆದರೆ ಅದರ ಒಂದು ಹೆಜ್ಜೆಯೇ 0.15 ಗ್ರೇನ್. ಬೇಕಾದದ್ದು 0.1 ಗ್ರೇನ್ ಅಥವಾ ಅದಕ್ಕಿಂತ ಸೂಕ್ಷ್ಮ. ಗ್ರಾಂ, ಗ್ರೇನ್ ಎರಡನ್ನೂ ತೋರಿಸುವ ತಕ್ಕಡಿಯಲ್ಲಿ ಗುಂಡಿ ತಪ್ಪಿ ಒತ್ತಿದರೂ ಅನಾಹುತ. ಫ್ಯಾನ್ ಗಾಳಿ, ಚಳಿ, ಪಕ್ಕದ ಮೊಬೈಲ್ ಕೂಡ ಅಂಕಿಯನ್ನು ಅಲ್ಲಾಡಿಸುತ್ತವೆ. ಕೋಲು ತಕ್ಕಡಿ ನಿಧಾನ. ಸಮತಟ್ಟಾದ ಮೇಜಿದ್ದರೆ ಸಾಕು, ಕರೆಂಟೂ ಬೇಡ.

ಯಾವುದೇ ಇರಲಿ, ಪರೀಕ್ಷೆಯ ತೂಕದ ಕಲ್ಲು ಜೊತೆಗಿರಲೇಬೇಕು. ಪೆಟ್ಟಿಗೆಯೊಂದಿಗೆ ಬರುವ 50 ಗ್ರಾಂ ಕಲ್ಲು ಮಾತ್ರ ಸಾಲದು. ತೂಗುವ ಮದ್ದು 40 ಗ್ರೇನ್ ಆಸುಪಾಸಿನದಾದರೆ ಕಲ್ಲೂ ಅದೇ ಆಸುಪಾಸಿನದಿರಲಿ. ಒಂದು ಮಾತು: ತೂಕ ಸರಿಯಿದ್ದು ಮದ್ದಿನ ಜಾತಿಯೇ ಬೇರೆಯಾಗಿದ್ದರೆ ಯಾವ ತಕ್ಕಡಿಯೂ ಹೇಳುವುದಿಲ್ಲ.

ಎರಡನೆಯದು ಕ್ಯಾಲಿಪರ್. ಅಮೆರಿಕದ ತೋಟಾ ಅಳತೆಗಳನ್ನು ಗೊತ್ತುಪಡಿಸುವುದು 1926ರಲ್ಲಿ ಸ್ಥಾಪನೆಯಾದ ಸಾಮಿ ಸಂಸ್ಥೆ. ಅದರ ಪ್ರಕಾರ .308 ವಿಂಚೆಸ್ಟರ್ ಕೊಳವೆ 2.015 ಇಂಚು, ಗುಂಡು ಸೇರಿ ಇಡೀ ತೋಟಾ 2.810 ಇಂಚು ಮೀರಬಾರದು. ಹಾರಿಸಿದಂತೆಲ್ಲ ಹಿತ್ತಾಳೆ ಉದ್ದಕ್ಕೆ ಹಿಗ್ಗುತ್ತದೆ. ಬಾಯಿ ಉದ್ದವಾದರೆ ನಳಿಗೆಯೊಳಗೆ ಸಿಕ್ಕಿ ಗುಂಡನ್ನು ಹಿಸುಕುತ್ತದೆ, ಒತ್ತಡ ಏರುತ್ತದೆ. ಇದಕ್ಕೆ ಇಂಚಿನ ಸಾವಿರದ ಒಂದು ಭಾಗ ತೋರಿಸುವ 6 ಇಂಚಿನ ಕ್ಯಾಲಿಪರ್ ಸಾಕು. ಡಯಲ್ ಇರುವುದಕ್ಕೆ ಬ್ಯಾಟರಿ ಬೇಡ, ಆದರೆ ಹಲ್ಲಿಗೆ ಲೋಹದ ಪುಡಿ ಸಿಕ್ಕಿದರೆ ಅಂಕಿ ಜಿಗಿಯುತ್ತದೆ. ಡಿಜಿಟಲ್ ಆದರೆ ಪ್ರತಿ ಸಲ ದವಡೆ ಮುಚ್ಚಿ ಸೊನ್ನೆ ನೋಡಬೇಕು.

ಗುಂಡುಗಳ ತುದಿ ಒಂದೊಂದೂ ಒಂದೊಂದು ತರಹ ಇರುವುದರಿಂದ, ಗುರಿ ಸ್ಪರ್ಧೆಯವರು ತುದಿಯ ಬದಲು ಗುಂಡಿನ ಬಾಗಿನಿಂದ ಅಳೆಯುವ ಕಂಪ್ಯಾರೇಟರನ್ನು ಕ್ಯಾಲಿಪರಿಗೆ ಸಿಕ್ಕಿಸುತ್ತಾರೆ. ಕೊಳವೆಯ ಭುಜ ಎಷ್ಟು ಹಿಂದೆ ಸರಿದಿದೆ ಎಂದು ನೋಡುವ ಗೇಜೂ ಹೀಗೆಯೇ. ಅದನ್ನು ಮಾತ್ರ ಬೇಟೆಗಾರರೂ ಕೊಳ್ಳುವುದು ಒಳ್ಳೆಯದು, ಭುಜ ಅತಿಯಾಗಿ ಸರಿದ ಕೊಳವೆ ಕೆಲವೇ ಸಲಕ್ಕೆ ಬುಡದ ಬಳಿ ಸೀಳುತ್ತದೆ. ಮೈಕ್ರೋಮೀಟರ್ ಆಮೇಲೆ ನೋಡಿಕೊಳ್ಳಬಹುದು.