ಬಾಡಿಗೆಯ ಚಿತ್ರ, ಮನೆಯ ಪ್ರತಿ

ವಾಚಕರೇ, ನಿಮ್ಮ ಮನೆಯ ಅಟ್ಟದ ಮೇಲೋ ಮಂಚದಡಿಯ ಪೆಟ್ಟಿಗೆಯಲ್ಲೋ ಒಂದು ಕರಿಯ ವಿಡಿಯೊ ಕ್ಯಾಸೆಟ್ಟು ಇನ್ನೂ ಬಿದ್ದಿದ್ದೀತು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಯಾರದೋ ಮದುವೆಯ ತಾರೀಖು, ಮಾಸಿದ ಅಕ್ಷರಗಳಲ್ಲಿ. ಅದನ್ನು ಓಡಿಸುವ ಯಂತ್ರವು ಮನೆ ಬಿಟ್ಟು ಎಷ್ಟೋ ವರ್ಷಗಳಾಗಿರಬೇಕು. ಆದರೂ ಕ್ಯಾಸೆಟ್ಟನ್ನು ಎಸೆಯಲು ಯಾರಿಗೂ ಮನಸ್ಸು ಬಂದಿಲ್ಲ. ಅದರೊಳಗೆ ಸುತ್ತಿಕೊಂಡಿರುವ ಅರ್ಧ ಅಂಗುಲ ಅಗಲದ ಪಟ್ಟಿಗೆ ಒಂದು ಚರಿತ್ರೆಯುಂಟು. ಅದು ಐವತ್ತು ವರ್ಷಗಳಷ್ಟೇ ಹಳೆಯದು, ಆದರೆ ತಿಳಿಯತಕ್ಕದ್ದು.

ಈ ಪಟ್ಟಿ ಬರುವ ಮುಂಚೆ ಚಲಚ್ಚಿತ್ರವೆಂಬುದು ಥಿಯೇಟರಿನ ಸೊತ್ತಾಗಿತ್ತು. ದೂರದರ್ಶನದ ಕಾರ್ಯಕ್ರಮವು ಗಡಿಯಾರದ ಸೊತ್ತಾಗಿತ್ತು. ಹೊತ್ತು ತಪ್ಪಿದವನಿಗೆ ಕಾರ್ಯಕ್ರಮವೂ ತಪ್ಪಿತು. ಊರಿನಿಂದ ಎತ್ತಿದ ಚಿತ್ರ ಮರಳಿ ಎಂದು ಬಂದೀತೆಂದು ಹೇಳುವವರಿರಲಿಲ್ಲ. 1975ರಲ್ಲಿ ಜಪಾನಿನ ಸೋನಿ ಕಂಪನಿಯು ಬೀಟಾಮ್ಯಾಕ್ಸ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಜೆವಿಸಿ ಕಂಪನಿಯು ವಿಎಚ್‌ಎಸ್ ಪದ್ಧತಿಯನ್ನು ತಂದಿತು. ಮೊದಲ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು ಒಂದೇ ಗಂಟೆಯ ಆಟ. ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಇಡೀ ಚಿತ್ರವೊಂದು ಒಂದೇ ಕ್ಯಾಸೆಟ್ಟಿನಲ್ಲಿ ಅಡಗಬೇಕೆಂದು ಜನರು ಬಯಸಿದರು. ಸೋನಿಯ ಚಿತ್ರ ಹೆಚ್ಚು ನಿಚ್ಚಳವೆಂಬ ಹೊಗಳಿಕೆಯಿದ್ದರೂ ಕಡೆಗೆ ಗೆದ್ದದ್ದು ವಿಎಚ್‌ಎಸ್. ಆ ಗೆಲವಿಗೆ ಈ ಒಂದು ಗಂಟೆಯ ಅಂತರವು ಮುಖ್ಯ ಕಾರಣಗಳಲ್ಲೊಂದು.

ಯಂತ್ರದ ಹಿಂದೆಯೇ ಬಾಡಿಗೆಯ ಅಂಗಡಿ ಬಂತು. ಜರ್ಮನಿಯ ಕಾಸೆಲ್ ನಗರದಲ್ಲಿ ಎಕ್‌ಹಾರ್ಡ್ ಬಾಮ್ ಎಂಬಾತ 1975ರಲ್ಲಿಯೇ ಇಂಥ ಅಂಗಡಿ ತೆರೆದನು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಅಟ್ಕಿನ್ಸನ್ ಎಂಬುವನು 1977ರಲ್ಲಿ, ಆಗ ತಾನೇ ಮಾರಾಟಕ್ಕೆ ಬಂದಿದ್ದ 50 ಚಿತ್ರಗಳ ಕ್ಯಾಸೆಟ್ಟುಗಳನ್ನು ಕೊಂಡು, ದಿನಕ್ಕೆ 10 ಡಾಲರಿನಂತೆ ಬಾಡಿಗೆಗೆ ಕೊಡತೊಡಗಿದನು. ಚಿತ್ರ ತಯಾರಿಸುವ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಆದರೆ ಅವರ ಕೈ ಕಟ್ಟಿತ್ತು. ನ್ಯಾಯವಾಗಿ ಕೊಂಡ ಪ್ರತಿಯನ್ನು ಕೊಂಡವನು ಮಾರಬಹುದು, ಎರವಲು ಕೊಡಬಹುದು, ಬಾಡಿಗೆಗೆ ಬಿಡಬಹುದು. ಮಾರಿದವನ ಹಿಡಿತ ಮೊದಲ ಮಾರಾಟದೊಂದಿಗೇ ಮುಗಿಯಿತು ಎಂಬುದು ಅಮೆರಿಕದ ಕಾಯಿದೆ. ಪುಸ್ತಕದ ವಿಷಯದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1908ರಲ್ಲಿ ಒಪ್ಪಿದ ಈ ನಿಯಮದ ನೆರಳಿನಲ್ಲಿ ಸಾವಿರಾರು ವಿಡಿಯೊ ಅಂಗಡಿಗಳು ಬೆಳೆದುವು.

ಇನ್ನೊಂದು ಜಗಳ ಮನೆಯ ಧ್ವನಿಚಿತ್ರ ಮುದ್ರಣದ್ದು. ದೂರದರ್ಶನದಲ್ಲಿ ಬಂದ ಚಿತ್ರವನ್ನು ಮನೆಯವನು ಪಟ್ಟಿಯ ಮೇಲೆ ಹಿಡಿದಿಟ್ಟರೆ ಅದು ಕಳವೆ? ಕಳವೆಂದು ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿದುವು. ಕೆಳಗಿನ ನ್ಯಾಯಾಲಯದಲ್ಲಿ ಸೋನಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. 1984ರ ಜನವರಿ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂದಿತು: ಬೇರೆ ಹೊತ್ತಿನಲ್ಲಿ ನೋಡುವುದಕ್ಕಾಗಿ ಮನೆಯಲ್ಲಿ ಹಿಡಿದಿಡುವುದು ತಪ್ಪಲ್ಲ. ಮಕ್ಕಳ ಕಾರ್ಯಕ್ರಮಗಳಿಗೆ ಹೆಸರಾಗಿದ್ದ ಫ್ರೆಡ್ ರೋಜರ್ಸ್, ತನ್ನ ಕಾರ್ಯಕ್ರಮವನ್ನು ಮನೆಯವರು ಹಿಡಿದಿಟ್ಟುಕೊಂಡು ಅನುಕೂಲವಾದಾಗ ನೋಡಲೆಂದು ನುಡಿದ ಸಾಕ್ಷ್ಯವನ್ನು ಆ ತೀರ್ಪಿನಲ್ಲಿ ಉದಾಹರಿಸಿದ್ದಾರೆ. ಒಂದೇ ಒಂದು ಮತ ಅತ್ತ ವಾಲಿದ್ದರೆ ಈ ಚರಿತ್ರೆಯೇ ಬೇರೆಯಾಗುತ್ತಿತ್ತು. ವಿಚಿತ್ರವೆಂದರೆ, ಯಾವ ಯಂತ್ರವನ್ನು ಚಿತ್ರೋದ್ಯಮವು ಶತ್ರುವೆಂದು ಬಗೆಯಿತೋ ಅದರಿಂದ ಬಂದ ವರಮಾನವೇ ಆ ದಶಕ ಮುಗಿಯುವುದರೊಳಗೆ ಥಿಯೇಟರಿನ ಗಳಿಕೆಯನ್ನು ಮೀರಿತು.

ನಮ್ಮ ದೇಶಕ್ಕೆ ಬರೋಣ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳೊಂದಿಗೆ ವರ್ಣದ ದೂರದರ್ಶನ ಬಂತು. ಅದರ ಬೆನ್ನಿಗೇ ಊರೂರಲ್ಲಿ ವಿಡಿಯೊ ಲೈಬ್ರರಿಗಳು ಎದ್ದುವು. ಯಂತ್ರ ಕೊಳ್ಳಲಾರದವರು ಟಿ.ವಿ.ಯನ್ನೂ ವಿ.ಸಿ.ಆರ್.ಅನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುತ್ತಿದ್ದರು. ತಂದ ಬಾಡಿಗೆ ದಂಡವಾಗಬಾರದಷ್ಟೆ! ಆದುದರಿಂದ ಒಂದರ ಮೇಲೊಂದು ಮೂರು ಚಿತ್ರಗಳು. ನಡುಮನೆಯ ತುಂಬ ಚಾಪೆ. ಕಿಟಕಿಯಲ್ಲಿ ನೆರೆಯ ಮಕ್ಕಳು. ನಡುರಾತ್ರಿಯಲ್ಲಿ ಒಮ್ಮೆ ಕಾಫಿ. ಬೆಳಗಿನ ಜಾವ ಕೊನೆಯ ಚಿತ್ರ ಮುಗಿಯುವ ಹೊತ್ತಿಗೆ ಎಚ್ಚರವಿದ್ದವರು ಇಬ್ಬರೋ ಮೂವರೋ. ಅಂಥ ರಾತ್ರಿಗಳನ್ನು ಕಂಡವರಲ್ಲಿ ನಾನೂ ಒಬ್ಬ. ಆ ಕ್ಯಾಸೆಟ್ಟುಗಳಲ್ಲಿ ಕಳ್ಳಪ್ರತಿಗಳು ಬಹಳವಿದ್ದುವೆಂಬುದನ್ನು ಮರೆಮಾಚಲಾಗದು. ಅದಕ್ಕಾಗಿಯೇ 1984ರಲ್ಲಿ ನಮ್ಮ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ ಶಿಕ್ಷೆಯನ್ನು ಬಿಗಿಗೊಳಿಸಿದರು.

ಅಂಗಡಿಯೆಂದರೆ ಬರಿಯ ವ್ಯಾಪಾರವೂ ಆಗಿರಲಿಲ್ಲ. ಕಪಾಟಿನ ಮುಂದೆ ನಿಂತು ಹೊದಿಕೆಗಳನ್ನು ತಿರುವಿ ನೋಡಬೇಕು. ಬೇಕಾದದ್ದು ಇನ್ನೊಬ್ಬರ ಮನೆಗೆ ಹೋಗಿದ್ದರೆ ಕಾಯಬೇಕು. ಅಂಗಡಿಯವನು ನಮ್ಮ ಅಭಿರುಚಿಯನ್ನು ಬಲ್ಲವನಾಗಿ, “ಇದನ್ನು ಒಯ್ಯಿರಿ, ಮನೆಯವರೆಲ್ಲ ನೋಡಬಹುದು” ಎಂದು ಹೇಳುತ್ತಿದ್ದನು. ಪಟ್ಟಿಯನ್ನು ಹಿಂದಕ್ಕೆ ಸುತ್ತಿಕೊಡದವನಿಗೆ ಒಂದು ಮಾತು ತಪ್ಪುತ್ತಿರಲಿಲ್ಲ.

ಅಮೆರಿಕದಲ್ಲಿ 1985ರಲ್ಲಿ ಡಲ್ಲಾಸಿನ ಒಂದು ಅಂಗಡಿಯಿಂದ ಮೊದಲಾದ ಬ್ಲಾಕ್‌ಬಸ್ಟರ್ ಕಂಪನಿಯು 2004ರ ಹೊತ್ತಿಗೆ ಲೋಕದಾದ್ಯಂತ 9,000ಕ್ಕೂ ಮೇಲ್ಪಟ್ಟು ಅಂಗಡಿಗಳನ್ನು ಹೊಂದಿತ್ತು. 1997ರಲ್ಲಿ ಹುಟ್ಟಿದ ನೆಟ್‌ಫ್ಲಿಕ್ಸ್ ಮೊದಲು ಅಂಚೆಯ ಮೂಲಕ ಡಿವಿಡಿಗಳನ್ನು ಕಳುಹಿಸುತ್ತಿತ್ತು. 2007ರಲ್ಲಿ ಚಿತ್ರವನ್ನು ತಂತಿಯ ಮೂಲಕವೇ ಮನೆಗೆ ಹರಿಸತೊಡಗಿತು. 2010ರಲ್ಲಿ ಬ್ಲಾಕ್‌ಬಸ್ಟರ್ ದಿವಾಳಿಯೆದ್ದಿತು. 2019ರಲ್ಲಿ ಆ ಹೆಸರಿನ ಅಂಗಡಿ ಜಗತ್ತಿನಲ್ಲಿ ಉಳಿದದ್ದು ಆರಿಗನ್ ಸಂಸ್ಥಾನದ ಬೆಂಡ್ ಎಂಬ ಊರಿನಲ್ಲಿ ಮಾತ್ರ. ಸಿಯಾಟಲ್ ನಗರದ ಸ್ಕೇರ್‌ಕ್ರೋ ಎಂಬ ಅಂಗಡಿಯನ್ನು, ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳ ಅದರ ಭಂಡಾರ ಚದುರಿಹೋಗಬಾರದೆಂದು, 2014ರಲ್ಲಿ ಲಾಭವಿಲ್ಲದ ಸಾರ್ವಜನಿಕ ಸಂಸ್ಥೆಯನ್ನಾಗಿ ಮಾರ್ಪಡಿಸಿದರು.

“ಈಗ ಬೆರಳ ತುದಿಯಲ್ಲಿ ಎಲ್ಲವೂ ಸಿಗುತ್ತದಲ್ಲ, ಕೊರಗುವುದೇಕೆ?” ಎಂದು ನೀವು ಕೇಳಬಹುದು. ಸೌಕರ್ಯವನ್ನು ನಾನು ಹಳಿಯುವವನಲ್ಲ. ಆದರೆ ಹರಿದುಬರುವ ಚಿತ್ರದಲ್ಲಿ ನಮ್ಮ ಕೈಗೆ ಪ್ರತಿಯೆಂಬುದು ಬರುವುದಿಲ್ಲ. ನೋಡುವ ಅಪ್ಪಣೆ ಮಾತ್ರ ಬರುತ್ತದೆ. ಕಂಪನಿಗಳ ನಡುವಣ ಕರಾರು ಮುಗಿದ ದಿನ ಚಿತ್ರವು ಪಟ್ಟಿಯಿಂದ ಕಾಣೆಯಾಗುತ್ತದೆ. ದೊಡ್ಡ ಸಂಸ್ಥೆಗಳು ಹೇಗೂ ಕಾಪಾಡಿಯಾವೆಂದು ನೆಚ್ಚಿ ಕೂರುವಂತಿಲ್ಲ. ಇಂಗ್ಲೆಂಡಿನ ಬಿಬಿಸಿಯು ತನ್ನ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಮಾಲಿಕೆಯ 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿಹಾಕಿತು. ಪಟ್ಟಿಗೆ ಬೆಲೆ ಹೆಚ್ಚು, ಅದನ್ನು ಮತ್ತೆ ಬಳಸಬಹುದೆಂಬ ಲೆಕ್ಕ. ಕಳೆದುಹೋದ ಆ ಕಂತುಗಳ ಧ್ವನಿ ಮಾತ್ರ ಒಂದೂ ಬಿಡದೆ ಉಳಿದಿದೆ. ಅದನ್ನು ಉಳಿಸಿದವರು ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಸಾಮಾನ್ಯ ಮನೆಗಳ ಹುಡುಗರು. ಫಿಲಡೆಲ್ಫಿಯದ ಮೇರಿಯನ್ ಸ್ಟೋಕ್ಸ್ ಎಂಬ ಗ್ರಂಥಪಾಲಕಿ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೂ ಹಗಲಿರುಳೆನ್ನದೆ ದೂರದರ್ಶನದ ವಾರ್ತೆಗಳನ್ನು ಹಿಡಿದಿಟ್ಟಳು. ಕ್ಯಾಸೆಟ್ಟುಗಳ ಸಂಖ್ಯೆ ಸುಮಾರು 70,000! ಅವು ಈಗ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವಶದಲ್ಲಿವೆ.

ಕನ್ನಡ ಓದಿದವರಿಗೆ ಇದು ಹೊಸ ಮಾತೇನಲ್ಲ. ಹತ್ತನೆಯ ಶತಮಾನದ ಪೊನ್ನಕವಿಯನ್ನು ನೆನೆಯಿರಿ. ಅವನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ, ಆ ಕಾವ್ಯ ನಮಗೆ ದಕ್ಕಿತು. ಅದೇ ಕವಿಯ ‘ಭುವನೈಕರಾಮಾಭ್ಯುದಯ’ದ ಹೆಸರು ಉಳಿಯಿತು, ಕಾವ್ಯ ಉಳಿಯಲಿಲ್ಲ. ಓಲೆಯಾದರೇನು, ಪಟ್ಟಿಯಾದರೇನು, ಹಲವು ಮನೆಗಳಲ್ಲಿ ಪ್ರತಿಯಿದ್ದದ್ದು ಬದುಕಿತು.

ಇನ್ನು ನಿಮ್ಮ ಅಟ್ಟದ ಕ್ಯಾಸೆಟ್ಟಿನ ಮಾತು. ಥಿಯೇಟರಿನ ಚಿತ್ರಕ್ಕೆ ಎಲ್ಲಿಯಾದರೂ ಇನ್ನೊಂದು ಪ್ರತಿಯಿದ್ದೀತು. ನಿಮ್ಮ ಅಕ್ಕನ ಮದುವೆಗೆ ಬಹುಶಃ ಇರುವುದು ಇದೊಂದೇ. ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುವ ಅಜ್ಜಿಯ ಧ್ವನಿ ಇರುವುದೂ ಅದರಲ್ಲಿಯೇ. ಪಟ್ಟಿಯ ಮೇಲಿನ ಕಾಂತಲೇಪವು ವರ್ಷ ಕಳೆದಂತೆ ಸವಕಲಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕಡೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಕೈಬಿಟ್ಟಿತು. ಆದುದರಿಂದ ಕ್ಯಾಸೆಟ್ಟನ್ನು ಇಂದೇ ಕೆಳಗಿಳಿಸಿ ನೋಡಿ. ಬೂಷ್ಟು ಕಂಡರೆ ಯಾವ ಯಂತ್ರಕ್ಕೂ ತುರುಕಬೇಡಿ. ಬಲ್ಲವರ ಕೈಗೆ ಕೊಡಿ. ಕಂಪ್ಯೂಟರಿಗೆ ಇಳಿಸಿ ಎರಡು ಪ್ರತಿ ಮಾಡಿಸಿ, ಎರಡನ್ನೂ ಒಂದೇ ಮನೆಯಲ್ಲಿಡಬೇಡಿ. ಮೇಲೆ ತಾರೀಖಿನ ಜತೆಗೆ ಅದರಲ್ಲಿ ಕಾಣುವವರ ಹೆಸರುಗಳನ್ನೂ ಬರೆದಿಡಿ. ಗುರುತು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಅವರನ್ನು ಕೂರಿಸಿಕೊಂಡು ಬರೆದಿಡಿ.